ಎರಡು ಗೆರೆಯ ಸಹಿ

ಸತ್ತವರ ಬಗ್ಗೆ ಬರೆಯುವವರೆಲ್ಲ ಬೆಣ್ಣೆಯಲ್ಲಿ ಕೈ ಅದ್ದಿಕೊಂಡೇ ಕೂಡುತ್ತಾರೆ. ಹೋದವರು ಅಜಾತಶತ್ರು, ಮಿತಭಾಷಿ, ಆಕಳಿನಂಥ ಮನುಷ್ಯ. ನನಗೆ ಹಾಗೆ ಬರೆಯಲು ಆಗುವುದಿಲ್ಲ. ಈ ಮನುಷ್ಯ ನನ್ನ ತಲೆ ತಿಂದವರು. ಅವರ ಜೊತೆ ನಾನು ಕೆಲಸ ಮಾಡಿದ್ದು ಒಂದೇ ಒಂದು ಹಂಗಾಮು. ಆ ಒಂದು ಹಂಗಾಮಿನಲ್ಲಿ ಬಂದಷ್ಟು ಸಿಟ್ಟು ಉಳಿದ ನೌಕರಿಯಲ್ಲೆಲ್ಲ ಕೂಡಿಸಿದರೂ ನನಗೆ ಬರಲಿಲ್ಲ. ಅದು ಇನ್ನೂ ಇಳಿದಿಲ್ಲ. ಯಾರ ಮೇಲಿನ ಸಿಟ್ಟು ಎಂಬುದಷ್ಟೇ ಬದಲಾಗಿದೆ.

ಕಳೆದ ವಾರ ಅವರ ಮಗಳು ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದರು. ರಾಮದುರ್ಗದ ಕಡೆ ಒಂದು ಸಾಲೆಯಲ್ಲಿ ಟೀಚರ್. ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂತು, ಊರವರು ಸೇರಿ ಸಣ್ಣದೊಂದು ನೆನಪಿನ ಪುಸ್ತಕ ಮಾಡುತ್ತಿದ್ದಾರೆ, ನೀವೂ ಎರಡು ಪುಟ ಬರೆಯಬೇಕು ಎಂದರು. ನಾನು ಯಾಕೆ, ಅವರ ಜೊತೆ ವರ್ಷಗಟ್ಟಲೆ ದುಡಿದವರು ಬೇಕಾದಷ್ಟು ಜನ ಇದ್ದಾರಲ್ಲ ಎಂದೆ. ಆಕೆ ನಕ್ಕು, "ಇಲ್ರಿ ಸರ್, ನೀವ ಬರದ ಕೊಡ್ರಿ" ಎಂದರು. ಆ ಮಾತು ಕೇಳಿದ ಕೂಡಲೇ ನಾನು ಚಹಾದ ಕಪ್ಪು ಕೆಳಗಿಟ್ಟೆ.

ಅವರ ಹೆಸರು ಆ ಪುಸ್ತಕದ ತುಂಬ ಇರುತ್ತದೆ, ನಾನು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ನಾನು ಕರೆದದ್ದೇ ಇಲ್ಲ. ಮೇಸ್ತ್ರಿ ಅನ್ನುತ್ತಿದ್ದೆ, ಅದೂ 'ಏ ಮೇಸ್ತ್ರಿ'. ಅವರು ನನ್ನ ತಂದೆಯ ವಾರಿಗೆಯವರು, ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವರು ನನಗೆ 'ಸಾಹೇಬ್ರ' ಅನ್ನುತ್ತಿದ್ದರು, ನಾನು ಅವರಿಗೆ 'ಬಾ, ಹೋಗು' ಅನ್ನುತ್ತಿದ್ದೆ. ಆಗ ಅದು ಇಬ್ಬರಿಗೂ ಸಹಜವಾಗಿ ಕಾಣುತ್ತಿತ್ತು ಎಂದು ಬರೆಯಹೊರಟಿದ್ದೆ. ಅವರಿಗೆ ಹೇಗೆ ಕಾಣುತ್ತಿತ್ತೋ ನಾನು ಕೇಳಿಲ್ಲ.

ಎಪ್ಪತ್ತರ ದಶಕದ ನಡುಗಾಲದ ಮಾತು. ನಮ್ಮ ಕಡೆ ಹೈಬ್ರಿಡ್ ಹತ್ತಿ ಹೊಸದಾಗಿ ಬಂದಿತ್ತು. ಹತ್ತಿ ಬಂದಂತೆ ಹುಳವೂ ಬಂತು. ಕೈಪಂಪಿನಿಂದ ಔಷಧ ಹೊಡೆದು ರೈತರು ಬೇಸತ್ತಿದ್ದಾಗ, ಸರ್ಕಾರ ವಿಮಾನದಿಂದಲೇ ಹೊಡೆಸುತ್ತದೆ ಎಂದು ಸುದ್ದಿಯಾಯಿತು. ಒಬ್ಬನೇ ಕೂಡುವ ಸಣ್ಣ ವಿಮಾನ. ಅದು ಇಳಿದು ಏರಲು ಒಂದು ಪಟ್ಟಿ ಬೇಕು. ಸಾಲಹಳ್ಳಿಯ ಹಾದಿಯಲ್ಲಿ ದನ ಮೇಯುವ ಗಾಯರಾಣ ಜಾಗವಿತ್ತು, ಅದನ್ನೇ ಸಪಾಟು ಮಾಡಿ ವಿಮಾನದ ಪಟ್ಟಿ ಮಾಡಿರಿ ಎಂದು ನಮ್ಮ ಆಫೀಸಿಗೆ ಹುಕುಂ ಬಂತು. ನಾನು ಆಗಷ್ಟೇ ಸೇರಿದ ಓವರಸಿಯರ್, ಪ್ರೊಬೇಷನ್ ಮುಗಿದಿರಲಿಲ್ಲ. ನನ್ನ ಕೈಕೆಳಗೆ ಕೊಟ್ಟದ್ದು ರಸ್ತೆ ಗ್ಯಾಂಗಿನ ಹನ್ನೆರಡು ಜನ, ಎತ್ತು ಎಳೆಯುವ ಒಂದು ಕಲ್ಲಿನ ರೋಲರು, ಮತ್ತು ಈ ಮೇಸ್ತ್ರಿ.

ಉದ್ದನೆಯ ಒಣಕಲು ದೇಹ, ತಲೆಗೆ ಬಿಳಿ ಪಟಗಾ, ಟಾಯರಿನ ಚಪ್ಪಲಿ. ಸೊಂಟದ ದಾರಕ್ಕೆ ಕಟ್ಟಿದ ಒಂದು ಹಿತ್ತಾಳೆಯ ಬಟ್ಟಲು, ನಡೆದರೆ ಟಣ್ ಟಣ್ ಅನ್ನುತ್ತಿತ್ತು. ಅದು ಯಾಕೆ ಎಂದು ಮೊದಲ ದಿನ ಕೇಳಿದೆ. "ಚಾದ ಅಂಗಡ್ಯಾಗ ನಮ್ಮ ಮಂದಿಗೆ ಬ್ಯಾರೆ ಕಪ್ ಇಟ್ಟಿರತಾರ್ರಿ. ಅದರಾಗ ಕುಡಿಯೂದಕಿಂತ ನಂದ ನಾ ತರತೇನಿ" ಎಂದರು. ಮುಖದಲ್ಲಿ ಸಿಟ್ಟಿಲ್ಲ, ಸಂಕಟವಿಲ್ಲ, ಕೊಡೆ ಯಾಕೆ ತಂದೆ ಎಂದು ಕೇಳಿದರೆ ಹೇಳುವಂತೆ ಹೇಳಿದರು. ಅದರಲ್ಲೂ ಚಹಾ ಪೂರಾ ತಣ್ಣಗಾದ ಮೇಲೇ ಕುಡಿಯುವುದು. ನಾವೆಲ್ಲ ಕುಡಿದು ಎದ್ದು ಜೀಪು ಹತ್ತಿದರೂ ಇವರು ಬಟ್ಟಲಿನ ಮೇಲೆ ಕೈಯಿಟ್ಟು ನೋಡುತ್ತ ಕುಳಿತಿರುತ್ತಿದ್ದರು. ಜೀಪಿನ ಹಾರ್ನು ಹೊಡೆದು ಹೊಡೆದು ನನಗೆ ಸಾಕಾಗುತ್ತಿತ್ತು.

ಮಣ್ಣಿನ ವಿಷಯದಲ್ಲಿ ಮಾತ್ರ ಅವರ ಮುಂದೆ ಯಾವ ಇಂಜಿನಿಯರೂ ನಿಲ್ಲುತ್ತಿರಲಿಲ್ಲ. ಪಟ್ಟಿಯ ಮೇಲೆ ಕಾಲಿಡುವ ಮೊದಲು ಚಪ್ಪಲಿ ಕಳಚುತ್ತಿದ್ದರು. ಬಲಗಾಲಿನ ಹಿಮ್ಮಡ ಊರಿ ಅದರ ಮೇಲೆ ಇಡೀ ಮೈಭಾರ ಹಾಕಿ ಒಂದು ಗಿರಕಿ ಹೊಡೆಯುವುದು, ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಆ ಗುರುತು ನೋಡುವುದು. ಬರೀ ಧೂಳು ಸರಿದಿದ್ದರೆ ಸೈ. ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಎತ್ತು ಹೂಡಿಸಿ ಮತ್ತೆ ರೋಲರು. ಎಂಟು ನೂರು ಹೆಜ್ಜೆ ಉದ್ದದ ಪಟ್ಟಿಯಲ್ಲಿ ಹೆಜ್ಜೆಗೊಂದರಂತೆ ಗಿರಕಿ ಹೊಡೆದು ಅವರ ಹಿಮ್ಮಡ ಒಡೆದು ರಕ್ತ ಬಂದದ್ದನ್ನು ನಾನು ನೋಡಿದ್ದೇನೆ. ಪಟ್ಟಿಯ ಬಹುಭಾಗ ಗರಸು ನೆಲ, ಕಬ್ಬಿಣದಂತೆ ಗಟ್ಟಿ. ಪಡುವಣ ತುದಿಯಲ್ಲಿ ಮಾತ್ರ ಒಂದು ತಗ್ಗಿತ್ತು. ಅದನ್ನು ಪಕ್ಕದ ಹೊಲದ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ತಂದು ತುಂಬಿದ್ದೆವು. ಗರಸು ತರಬೇಕು ಎಂದು ಅವರು ಹೇಳಿದ್ದರು. ದೂರವಾಗುತ್ತದೆ, ಟೈಮ್ ಇಲ್ಲ ಎಂದು ನಾನೇ ಎರಿ ಮಣ್ಣು ಹಾಕಿಸಿದ್ದೆ.

"ಎರಿ ಮಣ್ಣು ಒಣಗಿದ್ರ ಕಲ್ಲ ಇದ್ದಂಗ್ರಿ" ಎಂದರು ಅವತ್ತು. "ನೀರ ಕಂಡ್ರ ಮಾತ್ರ ಅದಕ್ಕ ಹುಟ್ಟೂರ ನೆನಪ ಆಗತೈತಿ, ಮತ್ತ ಕೆಸರ ಆಗತೈತಿ. ಮೂರ ದಿನ ಹಿಡದಿದ್ದ ಬಿಡೂದಿಲ್ಲ."

ಇಷ್ಟೇ ಆಗಿದ್ದರೆ ನಾನು ಅವರನ್ನು ಹೊಗಳಿ ಎರಡು ಪುಟ ತುಂಬಿಸಿಬಿಡಬಹುದಿತ್ತು. ಆದರೆ ಅವರಿಗೊಂದು ಚಟ. ಏನೇ ಹೇಳಿ, ಎಷ್ಟೇ ಸಣ್ಣ ಕೆಲಸ ಹೇಳಿ, ಒಂದೇ ಉತ್ತರ: "ಬರದ ಕೊಡ್ರಿ."

ಮೂಡಣ ಬದಿಯ ಕಲ್ಲು ಆರಿಸು ಮೇಸ್ತ್ರಿ. "ಬರದ ಕೊಡ್ರಿ." ನಾಳೆ ಎಂಟಕ್ಕೆ ಬಾ. "ಬರದ ಕೊಡ್ರಿ." ಜಾಲಿ ಕಂಟಿ ಕಡಿಸು. "ಬರದ ಕೊಡ್ರಿ." ಅವರಿಗೆ ಒಂದಕ್ಷರ ಬರುತ್ತಿರಲಿಲ್ಲ! ಹಾಜರಿಗೆ ಹೆಬ್ಬೆಟ್ಟು ಒತ್ತುವ ಮನುಷ್ಯ. ಚೀಟಿ ಕೊಟ್ಟರೆ ತಲೆಕೆಳಗಾಗಿಯೇ ಹಿಡಿದು ನೋಡುತ್ತಿದ್ದರು. ಅವರಿಗೆ ಗುರುತು ಸಿಗುತ್ತಿದ್ದುದು ಸಹಿ ಮಾತ್ರ. ನನ್ನ ಸಹಿಯ ಕೆಳಗೆ ನಾನು ಎರಡು ಗೆರೆ ಎಳೆಯುತ್ತಿದ್ದೆ, ಕಾಲೇಜಿನಿಂದ ಬಂದ ಜಂಭ. ಅವರು ಬೆರಳಿಟ್ಟು ಒಂದು, ಎರಡು ಎಂದು ಆ ಗೆರೆ ಎಣಿಸಿ, ಚೀಟಿ ಮಡಚಿ, ತಂಬಾಕಿನ ಹಳೆಯ ತಗಡಿನ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ಚೀಟಿಗೆ ಮೂರು ಮೂಲೆಯ ಮಡಿಕೆ, ದೊಡ್ಡ ಸಾಹೇಬರು, ಅಂದರೆ ನಮ್ಮ ಇಂಜಿನಿಯರು, ಕೊಟ್ಟದ್ದಕ್ಕೆ ಚೌಕ ಮಡಿಕೆ. ಯಾವ ಚೀಟಿ ಯಾವ ಕೆಲಸದ್ದು ಎಂಬುದು ಕಾಗದದ ಬಣ್ಣ, ಮಡಿಕೆ ನೋಡಿಯೇ ಅವರಿಗೆ ನೆನಪಿರುತ್ತಿತ್ತು.

ಒಂದು ದಿನ ರೇಗಿ ಕೇಳಿದೆ, "ಓದಾಕ ಬರದಾವಗ ಚೀಟಿ ಯಾಕ ಬೇಕೋ ಮೇಸ್ತ್ರಿ? ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನ?"

ಅವರು ತಂಬಾಕು ತಿಕ್ಕುತ್ತ ಹೇಳಿದರು, "ಹಿಂದ ಒಬ್ಬ ಸಾಹೇಬ್ರು ರೋಡಿನ ಬಾಜೂ ಹುಣಸಿ ಗಿಡ ಕಡಿ ಅಂದ್ರು. ಕಡದೆ. ಆಮ್ಯಾಗ ನಾ ಹೇಳೇ ಇಲ್ಲ ಅಂದ್ರು. ನಾಲ್ಕ ದಿನ ಪೋಲೀಸ ಠಾಣೆದಾಗ ಕುಂತೆ. ನಿಮ್ಮಂಥವ್ರ ಬಾಯಿ ಮಾತು ನಿಮ್ಮ ಕೂಡನ ಮನಿಗೆ ಹೋಗತೈತ್ರಿ ಸಾಹೇಬ್ರ. ಕಾಗದ ಆದ್ರ ನನ್ನ ಕೂಡ ಬರತೈತಿ. ನಾ ಓದಲಿಲ್ಲಂದ್ರ ಏನಾತು, ಓದಾವ್ರು ಓದತಾರ."

ಸರಿಯಾದ ಮಾತು ಕೇಳಿದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ. ಮರುದಿನ ಕಲ್ಲು ಆರಿಸುವ ಕೆಲಸಕ್ಕೆ ಚೀಟಿ ಕೇಳಿದಾಗ, 'ಇಂದು ಬಿಸಿಲು ಬಹಳ' ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅವರು ಗೆರೆ ಎಣಿಸಿದರು, ಮಡಚಿದರು, ಕಲ್ಲು ಆರಿಸಲು ಹೋದರು. ಸಂಜೆ ಆಫೀಸಿನಲ್ಲಿ ಇದನ್ನು ಹೇಳಿದಾಗ ಹೆಡ್ ಕ್ಲಾರ್ಕ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಅದೊಂದು ಆಟವಾಯಿತು. 'ಮನೆಯಲ್ಲಿ ಬದನೆಕಾಯಿ ಪಲ್ಯ.' 'ಈ ಚೀಟಿ ತಂದವರಿಗೆ ಒಂದು ಒದೆ ಕೊಡಿ.' ನಾಳೆ ಏನು ಬರೆಯಬೇಕೆಂದು ಹೆಡ್ ಕ್ಲಾರ್ಕ್ ಇವತ್ತೇ ಹೇಳಿಕೊಡುತ್ತಿದ್ದರು. ಚೀಟಿಯಲ್ಲಿ ಏನಿದ್ದರೇನು, ಕೆಲಸ ನಡೆಯುತ್ತಿತ್ತಲ್ಲ. ನಾನು ಕೆಟ್ಟವನೇನೂ ಆಗಿರಲಿಲ್ಲ ಎಂದು ಹೇಳಿಕೊಳ್ಳುವ ಆಸೆ ಈಗಲೂ ಆಗುತ್ತದೆ. ಹೇಳಿಕೊಂಡು ಏನು ಮಾಡಲಿ.

ಆ ಪಟ್ಟಿ ಮುಗಿಯುವ ಹೊತ್ತಿಗೆ ಅವರ ಜೀವನವೂ ಒಂದು ದಡಕ್ಕೆ ಬರುವುದಿತ್ತು. ಇಪ್ಪತ್ತು ವರ್ಷದ ಹತ್ತಿರ ದಿನಗೂಲಿಯಲ್ಲಿ ದುಡಿದಿದ್ದರು. ಈ ಕೆಲಸ ಸರಿಯಾಗಿ ಮುಗಿದರೆ ಕಾಯಂ ಮಾಡಲು ಕಾಗದ ಕಳಿಸುತ್ತೇನೆ ಎಂದು ದೊಡ್ಡ ಸಾಹೇಬರು ಹೇಳಿದ್ದರು. ಅದನ್ನೂ ಬರೆದು ಕೊಡಿ ಎಂದು ಇವರು ಕೇಳಿದ್ದರು, ಸಾಹೇಬರು ನಕ್ಕು ಬರೆದೂ ಕೊಟ್ಟಿದ್ದರು. ಆ ಚೌಕ ಮಡಿಕೆಯ ಚೀಟಿ ಡಬ್ಬಿಯ ತಳದಲ್ಲಿತ್ತು. ದಿನಕ್ಕೊಮ್ಮೆಯಾದರೂ ಅದನ್ನು ಹೊರತೆಗೆದು ಮುಟ್ಟಿ ಒಳಗಿಡುತ್ತಿದ್ದರು. "ಕಾಯಂ ಆತಂದ್ರ ಮಗಳನ್ನ ಮುಂದ ಓದಸತೇನ್ರಿ. ಸಾಲ್ಯಾಗ ಮೂರನೇತ್ತೆ ಅದಾಳ. ಭಾಳ ಹುಷಾರಿ" ಎಂದು ನನಗೆ ಒಮ್ಮೆ ಹೇಳಿದ್ದರು.

ದೀಪಾವಳಿ ಮುಗಿದ ಮೇಲೆ ಉದ್ಘಾಟನೆ ಇಟ್ಟರು. ಪಡುವಣ ತುದಿಯಲ್ಲಿ ಬೇವಿನ ಗಿಡವಿತ್ತು, ರಸ್ತೆಯೂ ಹತ್ತಿರ, ಅದಕ್ಕೇ ಅಲ್ಲಿ ಶಾಮಿಯಾನಾ. ಹಿಂದಿನ ದಿನ ಬೆಳಿಗ್ಗೆ ದೊಡ್ಡ ಸಾಹೇಬರು ಬಂದು ನೋಡಿದರು. ಗಾಳಿ ಒಂದು ಸಲ ಬೀಸಿದ್ದಕ್ಕೇ ಅವರ ಬಿಳಿ ಅಂಗಿ ಕಪ್ಪಾಯಿತು. "ನಾಳೆ ದೊಡ್ಡ ಮಂದಿ ಕೂಡತಾರ ಇಲ್ಲೆ. ಒಂದ ಹಿಡಿ ಧೂಳ ಏಳಬಾರದು. ನೀರ ಹೊಡಸು" ಎಂದು ನನಗೆ ಹೇಳಿ ಜೀಪು ಹತ್ತಿ ಹೋದರು.

ನಾನು ಮೇಸ್ತ್ರಿಗೆ ಹೇಳಿದೆ. ಅವರು ಗರಸಿನ ಕಡೆ ಎಷ್ಟು ಬೇಕಾದರೂ ನೀರು ಹೊಡೆಯುತ್ತೇನೆ, ಎರಿ ಮಣ್ಣು ತುಂಬಿದ ಜಾಗಕ್ಕೆ ಮಾತ್ರ ಬೇಡ ಎಂದರು. ಶಾಮಿಯಾನಾ ಹಾಕುವುದಿದ್ದದ್ದೇ ಆ ಜಾಗದ ಎದುರಿಗೆ. ಧೂಳು ಏಳುವುದೂ ಅಲ್ಲೇ.

"ಇಮಾನದ ಗಾಲಿ ಅಲ್ಲೇ ಬರತಾವ್ರಿ ಸಾಹೇಬ್ರ. ಮ್ಯಾಲ ಒಣಗಿದಂಗ ಕಾಣತೈತಿ, ಒಳಗ ಹಸೀ ಇರತೈತಿ."

"ದೊಡ್ಡ ಸಾಹೇಬ್ರು ಹೇಳ್ಯಾರ. ನೀ ಅವ್ರಕಿಂತ ಶಾಣ್ಯಾ ಏನ?"

"ಹಂಗಾರ ಬರದ ಕೊಡ್ರಿ."

ಶಾಮಿಯಾನಾದವನು ಬಂದಿಲ್ಲ, ಕುರ್ಚಿ ಎಣಿಸಬೇಕು, ಹಾರ ತರಿಸಬೇಕು, ಅದರ ನಡುವೆ ಈ ಮನುಷ್ಯನ ಚೀಟಿ. ಕೈಯಲ್ಲಿ ಉದ್ಘಾಟನೆಯ ಆಮಂತ್ರಣ ಪತ್ರಿಕೆ ಇತ್ತು, ಬಂಗಾರದ ಅಂಚಿನದು. ಅದರ ಬೆನ್ನ ಮೇಲೆ ಬರೆದೆ: 'ಈ ಮನುಷ್ಯನಿಗೆ ಅಕ್ಷರ ಬಾರದು, ಹಟ ಮಾತ್ರ ಬರುತ್ತದೆ.' ಸಹಿ ಮಾಡಿ, ಕಾಗದ ಹರಿಯುವಂತೆ ಎರಡು ಗೆರೆ ಎಳೆದು ಕೊಟ್ಟೆ. ಅವರು ಒಂದು, ಎರಡು ಎಂದು ಎಣಿಸಿದರು. ಬಂಗಾರದ ಅಂಚನ್ನು ಹೆಬ್ಬೆರಳಿಂದ ಒಮ್ಮೆ ಸವರಿ, ಮೂರು ಮೂಲೆಯಾಗಿ ಮಡಚಿ ಒಳಗಿಟ್ಟರು. ಅವತ್ತು ಸಂಜೆಯವರೆಗೂ ಎತ್ತಿನ ಬಂಡಿಗಳಲ್ಲಿ ಪೀಪಾಯಿಗಟ್ಟಲೆ ನೀರು ಬಂತು.

ಮರುದಿನ ಬೆಳಿಗ್ಗೆ ನಾನು ಹೋಗುವುದರೊಳಗೆ ಅವರು ಅಲ್ಲಿದ್ದರು. ನನ್ನನ್ನು ಕೈಹಿಡಿದೇ ಎಳೆದುಕೊಂಡು ಹೋದರು, ಅದಕ್ಕೆ ಮೊದಲೂ ಆಮೇಲೂ ಅವರು ನನ್ನನ್ನು ಮುಟ್ಟಿದ್ದಿಲ್ಲ. ಎರಿ ಮಣ್ಣಿನ ಮೇಲೆ ಹಿಮ್ಮಡ ಊರಿ ತಿರುಗಿದರು. ಪಾದ ಕಣಕಾಲಿನವರೆಗೂ ಇಳಿಯಿತು.

"ನೋಡ್ರಿ. ಹಿಂಗ ಆಗಬಾರದು ಅಂತನ ಹೇಳಿದ್ದೆ. ಆ ಕಡೆ ತುದಿಯಿಂದ ಇಳಸ್ರಿ ಇಮಾನ, ಇಲ್ಲಂದ್ರ ಇವತ್ತ ಬ್ಯಾಡ ಅನ್ರಿ."

"ಮ್ಯಾಲ ಹಾರಾವಗ ನಾ ಏನ ಫೋನ ಮಾಡ್ಲಿ?" ಎಂದು ಕೈ ಬಿಡಿಸಿಕೊಂಡೆ. ಶಾಮಿಯಾನಾದ ಒಳಗೆ ದೊಡ್ಡ ಸಾಹೇಬರಿದ್ದರು. ಇಪ್ಪತ್ತು ಹೆಜ್ಜೆ. ಹೋಗಿ ಹೇಳಬಹುದಿತ್ತು. ಪಟ್ಟಿಯ ಮೇಲೆ ಸುಣ್ಣದಲ್ಲಿ ದೊಡ್ಡ ಕತ್ತರಿ ಗುರುತು ಹಾಕಿದರೆ ಇಳಿಯಬೇಡ ಎಂದು ಅರ್ಥ, ಅದನ್ನು ನಮಗೆ ಹೇಳಿಕೊಟ್ಟಿದ್ದರು. ಸುಣ್ಣವೂ ಇತ್ತು. ಅಷ್ಟು ಮಂದಿಯನ್ನು ಕೂಡಿಸಿ ವಿಮಾನ ಬೇಡ ಎನ್ನಲು ನನಗೆ ಎದೆಯಿರಲಿಲ್ಲ.

ಗುಂಯ್ ಎಂದು ಸಪ್ಪಳ ಬಂತು. ಸುತ್ತಲ ಹಳ್ಳಿಯ ಜನವೆಲ್ಲ ಎರಡೂ ಬದಿಗೆ ನೆರೆದಿತ್ತು. ಹಳದಿ ಬಣ್ಣದ ವಿಮಾನ ಒಂದು ಸುತ್ತು ಹಾಕಿತು. ಆಗ ಮೇಸ್ತ್ರಿ ಪಟ್ಟಿಯ ನಡುವೆ ಓಡಿದರು. ಪಟಗಾ ಬಿಚ್ಚಿ, ಎರಡೂ ಕೈಯಿಂದ ತಲೆಯ ಮೇಲೆ ಬೀಸುತ್ತ, ಬ್ಯಾಡ, ಬ್ಯಾಡ ಎಂದು ಕೂಗತೊಡಗಿದರು. ಮುಂದೆ ಆದದ್ದನ್ನು ನೆನೆದರೆ ಇವತ್ತಿಗೂ ಹಣೆ ಚಚ್ಚಿಕೊಳ್ಳಬೇಕು ಎನಿಸುತ್ತದೆ. ಇವರು ಸ್ವಾಗತ ಮಾಡುತ್ತಿದ್ದಾರೆ ಎಂದುಕೊಂಡು ಇಡೀ ಜನವೇ ಪಟಗಾ, ಟಾವೆಲ್ಲು, ಧೋತರದ ಚುಂಗು, ಸಿಕ್ಕದ್ದನ್ನೆಲ್ಲ ಬಿಚ್ಚಿ ಬೀಸತೊಡಗಿತು. ಹೆಂಗಸರು ಸೆರಗು ಬೀಸಿದರು. ಶಾಮಿಯಾನಾದೊಳಗಿನವರು ಕರವಸ್ತ್ರ ಬೀಸಿದರು. ಮೇಲಿದ್ದ ಪೈಲಟ್ ಖುಷಿಯಾಗಿ ರೆಕ್ಕೆ ಆಚೀಚೆ ಓಲಾಡಿಸಿ ಉತ್ತರ ಕೊಟ್ಟ. ಕೊನೆಗೆ ಗ್ಯಾಂಗಿನವರು ಹೋಗಿ ಮೇಸ್ತ್ರಿಯನ್ನು ಎಳೆದು ತಂದರು, ಇಲ್ಲದಿದ್ದರೆ ಅವರು ಅಲ್ಲೇ ನಿಲ್ಲುತ್ತಿದ್ದರು.

ವಿಮಾನ ಪಡುವಣ ತುದಿಯಿಂದಲೇ ಇಳಿಯಿತು. ಗಾಲಿ ನೆಲಕ್ಕೆ ತಾಗಿ, ಎರಿ ಮಣ್ಣಿಗೆ ಬಂದು, ಅಲ್ಲೇ ಹೂತುಕೊಂಡಿತು. ಗಾಲಿ ನಿಂತರೂ ಮೈ ನಿಲ್ಲಲಿಲ್ಲ. ಬಾಲ ಮೇಲೆದ್ದು, ಮೂಗು ಊರಿ, ಒಂದು ಕ್ಷಣ ಹಾಗೇ ನಿಂತು, ಬೆನ್ನ ಮೇಲೆ ಬಿತ್ತು. ಧೂಳು ಮಾತ್ರ ಒಂದು ಹಿಡಿಯೂ ಏಳಲಿಲ್ಲ.

ಮೊದಲು ಓಡಿದವರು ಮೇಸ್ತ್ರಿ. ಪೆಟ್ರೋಲಿನ ವಾಸನೆಗೆ ಹೆದರಿ ನಾವೆಲ್ಲ ದೂರ ನಿಂತಿದ್ದಾಗ ಕೆಸರಿನಲ್ಲಿ ಮೊಣಕಾಲೂರಿ ಒಳಗೆ ತೂರಿ, ತಲೆಕೆಳಗಾಗಿ ತೂಗುತ್ತಿದ್ದ ಪೈಲಟನ ಬೆಲ್ಟು ಕೊಯ್ದು ಇಳಿಸಿಕೊಂಡರು. ಕಾಲು ಮುರಿದಿತ್ತು, ಬಾಯಿ ತುಂಬ ರಕ್ತ, ಜೀವ ಇತ್ತು. ಬೀಸಿದ ಅದೇ ಪಟಗಾದಿಂದ ಆ ಕಾಲು ಕಟ್ಟಿ, ಶಾಮಿಯಾನಾದ ಕಂಬಳಿಯ ಮೇಲೆ ಹಾಕಿ ಜೀಪಿಗೆ ಹೊತ್ತರು. ಆತ ಉಳಿದುಕೊಂಡ. ಮತ್ತೆ ವಿಮಾನ ಹಾರಿಸಲಿಲ್ಲ ಎಂದು ಕೇಳಿದೆ.

ಹದಿನೈದು ದಿನಕ್ಕೆ ವಿಚಾರಣೆ. ಬೆಂಗಳೂರಿನಿಂದ ಬಂದ ಅಧಿಕಾರಿ, ರಾಮದುರ್ಗದ ಪ್ರವಾಸಿ ಬಂಗಲೆ. ಹಿಂದಿನ ದಿನ ದೊಡ್ಡ ಸಾಹೇಬರು ನನ್ನನ್ನು ಕರೆದು, "ನಿನ್ನ ಪ್ರೊಬೇಷನ್ ಇನ್ನೂ ಮುಗದಿಲ್ಲ ಹೌದಲ್ಲ?" ಎಂದಷ್ಟೇ ಕೇಳಿದರು. ಸಾಕಾಯಿತು.

ಎರಿ ಮಣ್ಣಿಗೆ ನೀರು ಹಾಕಿಸಿದ್ದು ಯಾರು ಎಂಬುದೊಂದೇ ಪ್ರಶ್ನೆ. ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಹೆದರಿಕೆಯ ಗುರುತೇ ಇರಲಿಲ್ಲ. "ನಾ ಬ್ಯಾಡ ಅಂದೆ. ಹೊಡಿ ಅಂತ ಬರದ ಕೊಟ್ಟಾರ್ರಿ" ಎಂದು ಡಬ್ಬಿ ತೆರೆದು, ಬೆರಳಾಡಿಸಿ, ಬಂಗಾರದ ಅಂಚಿನ ಮೂರು ಮೂಲೆಯ ಮಡಿಕೆಯನ್ನು ಸರಿಯಾಗಿ ಹೊರತೆಗೆದು ಮೇಜಿನ ಮೇಲಿಟ್ಟರು. ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತರು. ಹೊಲದ ಕಾಗದ ತೋರಿಸಿದ ರೈತನ ನಿಶ್ಚಿಂತೆ ಆ ಮುಖದಲ್ಲಿತ್ತು.

ಅಧಿಕಾರಿ ಓದಿದರು. ಮತ್ತೆ ಓದಿದರು. ಆಮೇಲೆ ಗಟ್ಟಿಯಾಗಿ ಓದಿದರು. ಬಂಗಲೆಯಲ್ಲಿದ್ದವರೆಲ್ಲ ನಕ್ಕರು.

"ಏನ್ರೀ ಇದು, ನೀವೇ ಬರೆದಿದ್ದಾ?" ಎಂದರು ನನ್ನ ಕಡೆ ನೋಡಿ.

"ಹೌದ್ರಿ. ತಮಾಷೆಗೆ."

"ನೀರು ಹಾಕು ಅಂತ ಹೇಳಿದ್ರಾ ಇಲ್ವಾ?"

"ಧೂಳು ಏಳದಂತೆ ನೋಡಿಕೋ ಅಂದಿದ್ದೆ ಸರ್. ಎಲ್ಲಿ, ಎಷ್ಟು ಅನ್ನೋದು ಅವನಿಗೇ ಬಿಟ್ಟಿದ್ದೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಸುಳ್ಳು ಎಂದು ಹಿಡಿಯಲು ಬಾರದ ಹಾಗೆ ಜೋಡಿಸಿದ ಸುಳ್ಳು. ಹಿಂದಿನ ದಿನ ಸಂಜೆಯಿಂದ ಅದನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ.

ಮೇಸ್ತ್ರಿಗೆ ಜನ ಯಾಕೆ ನಕ್ಕರು ಎಂದು ತಿಳಿದಿರಲಿಲ್ಲ. "ಏನ ಬರದಾರ್ರಿ ಅದರಾಗ?" ಎಂದು ಕೇಳಿದರು. ಅಧಿಕಾರಿ ಈ ಸಲ ನಗದೆ, ನಿಧಾನವಾಗಿ ಓದಿ ಹೇಳಿದರು. ಅಕ್ಷರ ಬಾರದು, ಹಟ ಮಾತ್ರ ಬರುತ್ತದೆ. ಮೇಸ್ತ್ರಿ ನನ್ನನ್ನು ನೋಡಲಿಲ್ಲ. ನೋಡಿದ್ದರೆ, ಬೈದಿದ್ದರೆ, ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಮೇಜಿನ ಮೇಲಿನ ಪತ್ರಿಕೆ ಎತ್ತಿಕೊಂಡು, ಅದೇ ಮಡಿಕೆಗಳ ಮೇಲೆ ಮಡಚಿ, ಡಬ್ಬಿಗೆ ಹಾಕಿ ಮುಚ್ಚಿದರು.

"ಖರೇನ ಬರದಾರ್ರಿ" ಎಂದರು. ನಮಸ್ಕಾರ ಮಾಡಿ ಹೊರಗೆ ಹೋದರು. ಬಟ್ಟಲು ಟಣ್ ಟಣ್ ಎನ್ನುತ್ತ ಮೆಟ್ಟಿಲು ಇಳಿದದ್ದು ಒಳಗೆ ಕೇಳಿಸಿತು.

ಕೆಳಹಂತದ ನೌಕರನ ಅಜಾಗರೂಕತೆ ಎಂದು ವರದಿಯಾಯಿತು. ಅವರನ್ನು ಕೆಲಸದಿಂದ ತೆಗೆದರು. ಡಬ್ಬಿಯ ತಳದ ಚೌಕ ಚೀಟಿಗೆ ಬೆಲೆ ಉಳಿಯಲಿಲ್ಲ. ನನ್ನ ಪ್ರೊಬೇಷನ್ ಮುಗಿಯಿತು. ಸವದತ್ತಿಗೆ ಹೋದೆ, ಕಿತ್ತೂರಿಗೆ ಹೋದೆ, ಬಡ್ತಿ ಪಡೆದೆ. ಹತ್ತಿಗೆ ಮತ್ತೆ ಕೈಪಂಪೇ ಗತಿಯಾಯಿತು, ಪಟ್ಟಿಯ ಮೇಲೆ ಜಾಲಿ ಬೆಳೆಯಿತು.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ, ಮೂರ್ನಾಲ್ಕು ವರ್ಷ ಬಿಟ್ಟು, ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ. ಯಾವುದೋ ಗುತ್ತಿಗೆಯಲ್ಲಿ ಜಲ್ಲಿ ಒಡೆಯುವ ಕೆಲಸ ಮುಗಿಸಿ ಊರಿಗೆ ಹೊರಟಿದ್ದರು, ಮೈತುಂಬ ಕಲ್ಲಿನ ಪುಡಿ. ಒಬ್ಬ ಮುದುಕಿ ಯಾವ ಬಸ್ಸಪ್ಪಾ ಇದು ಎಂದು ಕೇಳಿದಳು. ಇವರು ಬೋರ್ಡಿನ ಹತ್ತಿರ ಹೋಗಿ, ಬೆರಳಿಟ್ಟು, "ರಾ... ಮ... ದು... ರ್ಗ. ರಾಮದುರ್ಗ ಐತ್ಬೇ ಯವ್ವಾ, ಹತ್ತು" ಎಂದರು. ಇವರಿಗೆ ಓದಲು ಬಂದಿತ್ತು. ಹಾಗಾದರೆ ಡಬ್ಬಿಯಲ್ಲಿದ್ದ ಎಲ್ಲವನ್ನೂ ಓದಿರುತ್ತಾರೆ. ಬದನೆಕಾಯಿ, ಬಿಸಿಲು, ಒದೆ, ಎಲ್ಲ.

ತಿರುಗಿದಾಗ ನನ್ನನ್ನು ಕಂಡರು. "ಆರಾಮ ಅದೀರೇನ್ರಿ ಸಾಹೇಬ್ರ?"

ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಆಫೀಸಿನ ಮಾತು. "ನಿನ್ನ ಕೇಸು ಮತ್ತ ತೆಗಸತೇನಿ ಮೇಸ್ತ್ರಿ. ನಾ ಹೋಗಿ ಖರೇ ಹೇಳತೇನಿ."

"ಬರದ ಕೊಡತೀರೇನ್ರಿ?" ಎಂದರು. ಅದು ಚುಚ್ಚುಮಾತಲ್ಲ. ಕೊಡುತ್ತೇನೆ ಎಂದರೆ ಅಲ್ಲೇ ಕುಳಿತು ಕಾಯುವವರಂತೆ ಕೇಳಿದರು. ನನ್ನ ಜೇಬಿನಲ್ಲಿ ಪೆನ್ನಿತ್ತು. ನನ್ನ ಬಸ್ಸು ಹಾರ್ನು ಹೊಡೆಯಿತು, ನಾನು ಹತ್ತಿ ಹೋದೆ. ಅದು ಕೊನೆಯ ಬಸ್ಸೇನೂ ಆಗಿರಲಿಲ್ಲ.

ಇನ್ನು ಕಳೆದ ವಾರದ ಮಾತು. ಚಹಾ ಮುಗಿದ ಮೇಲೆ ಮಗಳು ಕೈಚೀಲದಿಂದ ಆ ತಗಡಿನ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಬಣ್ಣ ಹೋಗಿ ತುಕ್ಕು ಹಿಡಿದಿದೆ, ಮುಚ್ಚಳ ಅದೇ.

"ಅಪ್ಪ ಇದರಾಗಿನ ಚೀಟಿಲೇ ಓದೂದು ಕಲತ್ರಿ ಸರ್" ಎಂದರು. "ಕೆಲಸ ಹೋದ ಮ್ಯಾಲ ನನ್ನ ಮುಂದ ಕುಂತು, ಓದಿಸು ಅಂದ್ರು. ಅಂಕಲಿಪಿ ತರತೇನಿ ಅಂದೆ. ಬ್ಯಾಡವಾ, ಮೊದಲ ಇವನ್ನ ಓದಬೇಕು ಅಂದ್ರು. ಅವ್ರು ಮೊದಲ ಓದಿದ ಸಾಲು 'ಇಂದು ಬಿಸಿಲು ಬಹಳ'. ನಾ ಸಣ್ಣಾಕಿ, ನನಗ ಏನ ತಿಳೀತಿತ್ತು, ನಕ್ಕೆ. ಅವ್ರೂ ನಕ್ರು."

ಆಕೆ ಬಂಗಾರದ ಅಂಚು ಮಾಸಿದ ಪತ್ರಿಕೆ ಬಿಚ್ಚಿ ಕೊಟ್ಟರು. ಬೆನ್ನ ಮೇಲೆ ನನ್ನ ಸಾಲು, ನನ್ನ ಸಹಿ, ಕಾಗದ ಹರಿಯುವಂತೆ ಎಳೆದ ಎರಡು ಗೆರೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಕೈಬರಹ. ಒಂದೊಂದು ಅಕ್ಷರವೂ ಜಲ್ಲಿ ಕಲ್ಲಿನಷ್ಟು ದೊಡ್ಡದು, ಒತ್ತಿ ಬರೆದದ್ದು. 'ಎರಿ ಮಣ್ಣಿಗೂ ನೀರ ಹೊಡಿ ಅಂತ ಮೇಸ್ತ್ರಿಗೆ ನಾನ ಹೇಳೇನಿ.' ಅದರ ಕೆಳಗೆ ಸಹಿಗೆ ಆಗುವಷ್ಟು ಜಾಗ ಖಾಲಿ ಬಿಟ್ಟಿದ್ದರು.

ನಾನು ಬರೆಯಬೇಕಾಗಿದ್ದ ಚೀಟಿಯನ್ನು ಅವರೇ ಬರೆದಿಟ್ಟುಕೊಂಡಿದ್ದರು. ನಲವತ್ತು ವರ್ಷ ಆ ಖಾಲಿ ಜಾಗ ಡಬ್ಬಿಯಲ್ಲಿತ್ತು. ಅವರ ಊರು ನಮ್ಮ ಊರಿಂದ ಬಸ್ಸಿನಲ್ಲಿ ಅರ್ಧ ದಿನದ ಹಾದಿಯೂ ಅಲ್ಲ. ಒಂದು ಸಲವೂ ಅವರು ಅದನ್ನು ನನ್ನ ಬಾಗಿಲಿಗೆ ತರಲಿಲ್ಲ, ನಾನೂ ಹೋಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಬಂದದ್ದು ಬುದ್ಧಿಯೂ ಅಲ್ಲ, ಬರೀ ಸಿಟ್ಟು. ಈಗ ಸಹಿ ಹಾಕಿದರೆ ಯಾರ ಕೆಲಸ ತಿರುಗಿ ಬರುತ್ತದೆ?

"ಅಪ್ಪಗ ಕೇಳಿದ್ದೆ, ಇದನ್ನ ಅವ್ರಿಗೆ ಒಯ್ದು ಕೊಡ್ಲೇನು ಅಂತ" ಎಂದರು ಮಗಳು. "ಬ್ಯಾಡ, ಅವ್ರಿಗೆ ಟೈಮ್ ಸಿಕ್ಕಾಗ ಮಾಡತಾರ ಅಂದ್ರು."

ಪೆನ್ನು ತೆಗೆದೆ. ಸಹಿ ಹಳೆಯದರಂತೆ ಬರಲಿಲ್ಲ, ಕೆಳಗೆ ಎಳೆದ ಗೆರೆಗಳೂ ಸೊಟ್ಟಗಾದವು. ಪತ್ರಿಕೆಯನ್ನು ಆಕೆಯ ಕಡೆ ಸರಿಸಿದೆ.

ಆಕೆ ಓದಲಿಲ್ಲ. ಸಹಿಯ ಕೆಳಗೆ ಬೆರಳಿಟ್ಟು ಒಂದು, ಎರಡು ಎಂದು ಎಣಿಸಿದರು. ಮೂರು ಮೂಲೆಯಾಗಿ ಮಡಚಿ ಡಬ್ಬಿಯೊಳಗೆ ಇಟ್ಟುಕೊಂಡರು.